ದೇವರನ್ನು ನಂಬದವನು ಕುಡಿತ ಬಿಡಬಹುದೇ?

ಸರ್ಕಾರಿ ಆಸ್ಪತ್ರೆಯ ಮದ್ಯವ್ಯಸನ ಚಿಕಿತ್ಸಾ ವಾರ್ಡಿನಲ್ಲಿ ದುಡಿದು ನಿವೃತ್ತರಾದ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯೊಬ್ಬರು ಈ ಅಂಕಣದಲ್ಲಿ ಉತ್ತರಿಸುತ್ತಾರೆ. ಪತ್ರ ಬರೆದವರ ಹೆಸರು ಪ್ರಕಟಿಸುವುದಿಲ್ಲ.

ಪ್ರಶ್ನೆ: ಮೇಡಂ, ನನಗೆ 46 ವರ್ಷ. ಹಾಸನ ಜಿಲ್ಲೆಯ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ಬೆಂಗಳೂರಿನಲ್ಲಿ ಓದುವಾಗ ವಿಚಾರವಾದಿ ಎಚ್. ನರಸಿಂಹಯ್ಯನವರ ಭಾಷಣಗಳನ್ನು ಕೇಳಿ ಬೆಳೆದವನು. ಅಂದಿನಿಂದ ಪೂಜೆ, ಹರಕೆ, ಜ್ಯೋತಿಷ್ಯ ಯಾವುದನ್ನೂ ಹತ್ತಿರ ಸೇರಿಸಿದವನಲ್ಲ. ಹತ್ತು ವರ್ಷಗಳಿಂದ ಕುಡಿತ ಹೆಚ್ಚುತ್ತಾ ಬಂದು ಈಗ ದಿನಕ್ಕೆ ಎರಡು ಕ್ವಾರ್ಟರ್ ಆಗಿದೆ. ಬೆಳಗಿನ ಮೊದಲ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುವಾಗ ಕೈ ನಡುಗುತ್ತದೆ. ಮನೆಯವರ ಒತ್ತಾಯಕ್ಕೆ ಒಂದು ಮದ್ಯವರ್ಜನ ಶಿಬಿರಕ್ಕೆ ಹೋಗಿದ್ದೆ. ಭಜನೆಯ ಹೊತ್ತಿನಲ್ಲಿ ಸುಮ್ಮನೆ ಕುಳಿತಿರುತ್ತಿದ್ದೆ. ಕೊನೆಯ ದಿನ ದೇವರ ಪಟದ ಮುಂದೆ ಪ್ರಮಾಣ ಮಾಡಲು ಹೇಳಿದಾಗ ನನ್ನಿಂದ ಆಗಲಿಲ್ಲ. ‘ದೇವರಿಗೇ ಹೆದರದವನು ಬಾಟಲಿ ಬಿಡುತ್ತಾನೆಯೇ’ ಎಂದು ಎಲ್ಲರೆದುರು ಹೇಳಿದರು. ಆಮೇಲೆ ಕುಡಿತ ಬಿಡಬಯಸುವವರ ಸಂಘವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ (ಎ.ಎ.) ಸಭೆಗೂ ಹೋದೆ. ಅಲ್ಲಿನವರು ಒಳ್ಳೆಯವರು. ಆದರೆ ಉನ್ನತ ಶಕ್ತಿಗೆ ಶರಣಾಗಬೇಕು ಎಂಬಲ್ಲಿ ನಾನು ನಿಂತುಬಿಡುತ್ತೇನೆ. ನಂಬದ ಮಾತನ್ನು ಬಾಯಲ್ಲಿ ಹೇಳಿಕೊಂಡು ಹೊಸ ಬದುಕು ಶುರು ಮಾಡುವುದು ಹೇಗೆ? ನನ್ನ ಅಹಂಕಾರವೇ ನನ್ನನ್ನು ಕುಡಿಸುತ್ತಿದೆ ಎನ್ನುತ್ತಾಳೆ ಪತ್ನಿ. ಬೇಸಿಗೆ ರಜೆಯಲ್ಲಿ ತೋಟದ ಮನೆಯಲ್ಲಿ ಒಬ್ಬನೇ ಇದ್ದು ಒಂದೇ ಸಲಕ್ಕೆ ಬಿಟ್ಟುಬಿಡೋಣ ಎಂದುಕೊಂಡಿದ್ದೇನೆ. ನನ್ನಂಥವನಿಗೆ ದಾರಿ ಇದೆಯೇ?

ಉತ್ತರ: ಮೇಷ್ಟ್ರೇ, ಇದೆ. ಆದರೆ ಎಲ್ಲಕ್ಕಿಂತ ಮೊದಲು ತೋಟದ ಮನೆಯ ಯೋಚನೆಯನ್ನು ಕೈಬಿಡಿ. ಬೆಳಿಗ್ಗೆ ಕೈ ನಡುಗುತ್ತದೆ ಎಂದರೆ ನಿಮ್ಮ ಮಿದುಳು ಮದ್ಯಕ್ಕೆ ಒಗ್ಗಿಹೋಗಿದೆ, ಅದು ತಪ್ಪಿದರೆ ಕೆರಳುತ್ತದೆ. ಇಷ್ಟು ಪ್ರಮಾಣದಲ್ಲಿ ದಿನವೂ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಆರರಿಂದ ಇಪ್ಪತ್ನಾಲ್ಕು ಗಂಟೆಯೊಳಗೆ ಬೆವರು, ನಡುಕ, ವಾಂತಿ ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದವರೆಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಇಲ್ಲದ ಹುಳು ಹುಪ್ಪಟೆ ಹಾಸಿಗೆಯ ಮೇಲೆ ಹರಿದಾಡಿದಂತೆ ಕಾಣುತ್ತದೆ, ಮನೆಯವರ ಗುರುತು ಸಿಗುವುದಿಲ್ಲ, ಜ್ವರ ಏರುತ್ತದೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣವೂ ಹೋಗಬಹುದು. ತೋಟದ ಮನೆಯಲ್ಲಿ ಒಬ್ಬರೇ ಇದ್ದಾಗ ಇದಾದರೆ ಯಾರನ್ನು ಕೂಗುತ್ತೀರಿ?

ಇದೇ ವಾರ ನಿಮ್ಮ ಜಿಲ್ಲಾ ಕೇಂದ್ರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಿ. ನಿಲುಗಡೆಯ ದಿನಗಳನ್ನು ದಾಟಿಸಲು ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಲೊರಾಜೆಪಾಮ್‌ನಂಥ ಮಾತ್ರೆಯನ್ನು ದಿನದಿಂದ ದಿನಕ್ಕೆ ಇಳಿಸುತ್ತಾ ಕೊಡುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ಜೀವಸತ್ವ, ಹೆಚ್ಚಾಗಿ ಇಂಜೆಕ್ಷನ್ ರೂಪದಲ್ಲಿ. ಕುಡಿಯುವವರ ದೇಹದಲ್ಲಿ ಇದು ಬರಿದಾಗಿರುತ್ತದೆ, ಕೊರತೆಯಾದರೆ ನೆನಪಿನ ಶಕ್ತಿಗೆ ಶಾಶ್ವತ ಪೆಟ್ಟು ಬೀಳುತ್ತದೆ. ವಾರ್ಡಿಗೆ ಬಂದ ಮೊದಲ ಬೆಳಿಗ್ಗೆ ಸ್ಟೀಲ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರೂ ಕಾಫಿ ಎದೆಯ ಮೇಲೆ ಚೆಲ್ಲಿಕೊಳ್ಳುವವರು ನಾಲ್ಕೈದು ದಿನಗಳಲ್ಲಿ ಒಂದೇ ಕೈಯಲ್ಲಿ ಲೋಟ ಹಿಡಿದು, ನಿನ್ನೆಯ ಪೇಪರ್ ಎಲ್ಲಿ ಎಂದು ಕೇಳುತ್ತಾರೆ. ಆ ಮಾತ್ರೆ ಆಸ್ತಿಕನ ಮೇಲೆ ಹೇಗೋ ನಾಸ್ತಿಕನ ಮೇಲೂ ಹಾಗೆಯೇ ಕೆಲಸ ಮಾಡುತ್ತದೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ನಾನು ಸಂಜೆ ದೇವರಿಗೆ ದೀಪ ಹಚ್ಚುವವಳು, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಹಾಗಿದ್ದೂ ಶಿಬಿರದಲ್ಲಿ ನಿಮಗೆ ಹೇಳಿದ ಮಾತು ತಪ್ಪು ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ಶಿಬಿರಗಳಿಂದ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಿಕೊಂಡಿದೆ, ಅದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಅಲ್ಲಿ ಯಾವುದು ಕೆಲಸ ಮಾಡುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು.

ಅಯ್ಯಪ್ಪನ ಮಾಲೆ ಹಾಕುವವರನ್ನು ನೀವು ನೋಡಿದ್ದೀರಿ. ವರ್ಷವಿಡೀ ಕುಡಿಯುವ ಮನುಷ್ಯ ಒಂದು ಮಂಡಲ, 41 ದಿನ, ಹನಿ ಮುಟ್ಟುವುದಿಲ್ಲ. ಮಾಲೆ ತೆಗೆದ ವಾರದಲ್ಲಿ ಮತ್ತೆ ಬಾರಿನ ಅದೇ ಮೇಜಿನಲ್ಲಿ ಕುಳಿತಿರುತ್ತಾನೆ. ಭಕ್ತಿ ಕಡಿಮೆಯಾಯಿತೇ? ಇಲ್ಲ, ಮುಂದಿನ ವರ್ಷ ಅಷ್ಟೇ ಶ್ರದ್ಧೆಯಿಂದ ಮಾಲೆ ಹಾಕುತ್ತಾನೆ. ಹಾಗಾದರೆ ಆ ದಿನಗಳಲ್ಲಿ ಇದ್ದು ಆಮೇಲೆ ಇಲ್ಲವಾದದ್ದು ಏನು? ನಸುಕಿಗೆ ಎದ್ದು ತಣ್ಣೀರು ಸ್ನಾನ. ಸಂಜೆಯಾದರೆ ಜೊತೆ ಸೇರುವ, ಕುಡಿಯದ ಹತ್ತು ಜನ. ಊರಿಗೆಲ್ಲ ಕಾಣುವ ಕಪ್ಪು ಬಟ್ಟೆ. ಅದನ್ನು ಕಂಡವರು ಯಾರೂ ಗ್ಲಾಸ್ ಮುಂದಿಡುವುದಿಲ್ಲ. ಹೆಂಡತಿ ಮಕ್ಕಳಿಂದ ಹಿಡಿದು ಅಂಗಡಿಯವನವರೆಗೆ ಎಲ್ಲರೂ ‘ಸ್ವಾಮಿ’ ಎಂದು ಗೌರವದಿಂದ ಕರೆಯುತ್ತಾರೆ. ದಿನ ಎಣಿಸಲು ಒಂದು ಗಡುವು ಇರುತ್ತದೆ. ಮಾಲೆ ತೆಗೆದ ದಿನ ಇಷ್ಟೂ ಒಟ್ಟಿಗೆ ಹೊರಟುಹೋಗುತ್ತವೆ. ವಾರ್ಡಿನಲ್ಲಿ ಇಂಥವರ ಕಥೆ ಕೇಳುತ್ತಾ ಕೇಳುತ್ತಾ ನನಗೆ ಮನವರಿಕೆಯಾದದ್ದು ಇದು: ಅವರನ್ನು ತಡೆದು ನಿಲ್ಲಿಸಿದ್ದರಲ್ಲಿ ಬಹುಪಾಲು ಮನುಷ್ಯರು ಮನುಷ್ಯರಿಗೆ ಕೊಡಬಲ್ಲಂಥದ್ದು. ದಿನಚರಿ, ಸಂಗಡಿಗರು, ಗೌರವ, ಲೆಕ್ಕ ಒಪ್ಪಿಸಲು ಒಬ್ಬರು. ಇವುಗಳಲ್ಲಿ ಒಂದಕ್ಕೂ ನಿಮ್ಮ ವೈಚಾರಿಕತೆ ಅಡ್ಡ ಬರುವುದಿಲ್ಲ. (ಮಾಲೆ ಹಾಕಲೆಂದು ಒಮ್ಮೆಗೇ ಕುಡಿತ ನಿಲ್ಲಿಸಿ ಫಿಟ್ಸ್ ಬಂದು ದಾಖಲಾದವರೂ ಇದ್ದಾರೆ. ಅವರಿಗೂ ಮೇಲೆ ಹೇಳಿದ ಎಚ್ಚರಿಕೆ ಅನ್ವಯಿಸುತ್ತದೆ.)

ಎ.ಎ. ವಿಷಯದಲ್ಲೂ ಹೀಗೆಯೇ. 1935ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಆಕ್ರನ್‌ನಲ್ಲಿ ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರ ಭೇಟಿಯಿಂದ ಅದು ಹುಟ್ಟಿತು. ಕುಡಿತ ಬಿಡಲು ಅದು ಹೇಳುವ ಹನ್ನೆರಡು ಹೆಜ್ಜೆಗಳಲ್ಲಿ ಆರರಲ್ಲಿ ದೇವರ ಅಥವಾ ಉನ್ನತ ಶಕ್ತಿಯ ಪ್ರಸ್ತಾಪವಿದೆ, ನಿಮ್ಮ ಮುಜುಗರ ಸಹಜ. ಆದರೆ ಮೊದಲ ದಿನಗಳಲ್ಲೇ ಅಲ್ಲಿ ನಂಬದವರೂ ಇದ್ದರು, ಅವರ ಒತ್ತಾಯದಿಂದಲೇ ‘ನಾವು ಅರಿತಂತೆ’ ಎಂಬ ಮಾತು ದೇವರ ಪಕ್ಕದಲ್ಲಿ ಸೇರಿಕೊಂಡಿತು. 1975ರಲ್ಲಿ ಶಿಕಾಗೋದಲ್ಲಿ ನಾಸ್ತಿಕರ ಮತ್ತು ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವ ಅಜ್ಞೇಯವಾದಿಗಳ ಎ.ಎ. ಗುಂಪೇ ಶುರುವಾಯಿತು. ಎ.ಎ. ಸೇರಲು ಅವರ ನಿಯಮ ಕೇಳುವುದು ಒಂದನ್ನೇ, ಕುಡಿತ ಬಿಡುವ ಇಚ್ಛೆ. ಹಾರ್ವರ್ಡ್‌ನ ಜಾನ್ ಕೆಲ್ಲಿ ಮತ್ತು ಸಂಗಡಿಗರು ಎ.ಎ. ಯಾವ ಬಗೆಯಲ್ಲಿ ಫಲ ಕೊಡುತ್ತದೆ ಎಂದು ಲೆಕ್ಕ ಹಾಕಿದಾಗ ಮುಂದೆ ನಿಂತದ್ದು ಗೆಳೆಯರ ಬಳಗ ಬದಲಾಗುವುದು ಮತ್ತು ಇಕ್ಕಟ್ಟಿನಲ್ಲೂ ಕುಡಿಯದೆ ಇರಬಲ್ಲೆ ಎಂಬ ಭರವಸೆ. ವ್ಯಸನ ತೀವ್ರವಾಗಿದ್ದವರಲ್ಲಿ ಆಧ್ಯಾತ್ಮಿಕತೆಯೂ ಪಾತ್ರ ವಹಿಸಿತ್ತು, ಅದನ್ನೂ ಹೇಳಬೇಕು. 2020ರಲ್ಲಿ 27 ಅಧ್ಯಯನಗಳನ್ನು ಪರಿಶೀಲಿಸಿದ, ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ ವರದಿ ಎ.ಎ.ಗೆ ಒಳ್ಳೆಯ ಅಂಕವನ್ನೇ ಕೊಟ್ಟಿತು. ಆದ್ದರಿಂದ ಆ ಸಭೆಯವರು ಒಳ್ಳೆಯವರು ಎನಿಸಿದ್ದರೆ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ ಬನ್ನಿ. ಪ್ರಾರ್ಥನೆಯ ಹೊತ್ತಿನಲ್ಲಿ ಮೌನವಾಗಿರಿ. ನಂಬದ ಮಾತನ್ನು ಹೇಳಬೇಕಾಗಿಲ್ಲ. ಯಾರಾದರೂ ಬಲವಂತ ಮಾಡಿದರೆ ಎದ್ದು ಬನ್ನಿ.

ಬೇಡವೆಂದರೆ ದೇವರ ಮಾತೇ ಇಲ್ಲದ ಗುಂಪುಗಳಿವೆ. ಸ್ಮಾರ್ಟ್ ರಿಕವರಿ 1994ರಿಂದ ನಡೆಯುತ್ತಿದೆ, ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲ್ಲಿಸ್ ಅವರ, ಯೋಚನೆಯ ರೀತಿಯನ್ನು ತಿದ್ದುವ ವಿಚಾರ ಚಿಕಿತ್ಸೆಯ ತಳಹದಿಯ ಮೇಲೆ ನಿಂತದ್ದು. ಲೈಫ್‌ರಿಂಗ್ ಎಂಬುದು ಇನ್ನೊಂದು. ಹೆಂಗಸರಿಗಾಗಿಯೇ ಎಪ್ಪತ್ತರ ದಶಕದಲ್ಲಿ ಜೀನ್ ಕರ್ಕ್‌ಪ್ಯಾಟ್ರಿಕ್ ಕಟ್ಟಿದ ವಿಮೆನ್ ಫಾರ್ ಸೊಬ್ರೈಟಿ ಮಗದೊಂದು. ಈ ಮೂರನ್ನೂ ಹನ್ನೆರಡು ಹೆಜ್ಜೆಯ ಗುಂಪುಗಳ ಜೊತೆ ಹೋಲಿಸಿದ ಅಮೆರಿಕದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಪೂರ್ತಿ ಬಿಡಬೇಕೆಂಬ ಗುರಿ ಒಂದೇ ಆಗಿದ್ದಾಗ, ಮನಸ್ಸಿಟ್ಟು ಭಾಗವಹಿಸಿದವರಿಗೆ ಎಲ್ಲ ಗುಂಪುಗಳಿಂದಲೂ ಸರಿಸುಮಾರು ಒಂದೇ ಬಗೆಯ ಪ್ರಯೋಜನ ಕಂಡಿತು. ಸ್ಮಾರ್ಟ್ ಮತ್ತು ಲೈಫ್‌ರಿಂಗ್ ಸಭೆಗಳು ಆನ್‌ಲೈನ್‌ನಲ್ಲೂ ನಡೆಯುತ್ತವೆ, ಅಮೆರಿಕದ ಸಂಜೆಯ ಸಭೆ ನಮಗೆ ಬೆಳಗಿನ ಹೊತ್ತು. ನಿಮಗೆ ಇಂಗ್ಲಿಷ್ ತೊಡಕಲ್ಲ. ಆದರೆ ಕನ್ನಡ ಮಾತ್ರ ಬಲ್ಲ ಆಟೋ ಚಾಲಕನಿಗೆ, ಗಾರೆ ಕೆಲಸದವನಿಗೆ, ಇಂಥ ಗುಂಪು ಅವನ ಊರಿನಲ್ಲೇ ಬೇಕು ಎಂಬುದು ನನ್ನ ಬಹುದಿನದ ಹಂಬಲ. ನೀವು ಚೇತರಿಸಿಕೊಂಡ ಮೇಲೆ, ಆಸ್ಪತ್ರೆಯಲ್ಲಿ ಪರಿಚಯವಾದ ಇಬ್ಬರು ಮೂವರನ್ನು ಸೇರಿಸಿಕೊಂಡು ಭಾನುವಾರ ಬೆಳಿಗ್ಗೆ ಗ್ರಂಥಾಲಯದ ಜಗಲಿಯಲ್ಲಿ ಕುಳಿತರೂ ಸಾಕು. ಮೇಷ್ಟ್ರಾದ ನಿಮಗೆ ಜನರನ್ನು ಕೂರಿಸಿ ಮಾತಾಡಿಸುವುದನ್ನು ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ದಿನನಿತ್ಯದ ಕೆಲಸ. ವಾರ್ಡಿನಲ್ಲಿ ನಾವು ಒಂದು ಚೀಟಿ ಕೊಡುತ್ತಿದ್ದೆವು. ಕುಡಿಯಬೇಕೆಂಬ ಚಡಪಡಿಕೆ ಬಂದ ಕೂಡಲೇ ಗಂಟೆ, ಜಾಗ, ಜೊತೆಗಿದ್ದವರು, ಅದಕ್ಕೆ ಮುಂಚೆ ಮನಸ್ಸಿನಲ್ಲಿ ಓಡುತ್ತಿದ್ದ ಮಾತು, ಸೊನ್ನೆಯಿಂದ ಹತ್ತರವರೆಗೆ ಅದರ ತೀವ್ರತೆ, ಇಷ್ಟನ್ನು ಬರೆಯಬೇಕು. ಅರ್ಧ ಗಂಟೆ ಬೇರೇನಾದರೂ ಮಾಡಿ ಮತ್ತೆ ತೀವ್ರತೆಯನ್ನು ಬರೆಯಬೇಕು. ಆಟೋ ಓಡಿಸುತ್ತಿದ್ದ ಒಬ್ಬರ ಚೀಟಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ‘ಸಂಜೆ 6.40, ಸರ್ಕಲ್, ಒಬ್ಬನೇ, ಇವತ್ತು ದುಡಿಮೆ ಆಗಲಿಲ್ಲ ಮನೆಗೆ ಹೇಗೆ ಮುಖ ತೋರಿಸಲಿ, 8.’ ಅದರ ಕೆಳಗೆ: ‘ಬಾಳೆಹಣ್ಣು ತಿಂದೆ, ತಂಗಿಗೆ ಫೋನ್ ಮಾಡಿದೆ, 7.10, 3.’ ಚಡಪಡಿಕೆ ಏರುತ್ತದೆ, ತುದಿ ಮುಟ್ಟುತ್ತದೆ, ಕುಡಿಯದಿದ್ದರೂ ಇಳಿಯುತ್ತದೆ ಎಂದು ಅವರಿಗೆ ತೋರಿಸಿಕೊಟ್ಟದ್ದು ಅವರದೇ ಕೈಬರಹ. ನಿಮ್ಮ ವಿದ್ಯಾರ್ಥಿಗಳು ಪ್ರಯೋಗಾಲಯದ ದಾಖಲೆ ಪುಸ್ತಕ ಬರೆಯುವಷ್ಟೇ ನಿಷ್ಠೆಯಿಂದ ನೀವು ಇದನ್ನು ಬರೆಯಬೇಕು. ಎರಡು ವಾರಗಳಲ್ಲಿ ನಿಮ್ಮ ಅಪಾಯದ ಗಂಟೆ, ಅಪಾಯದ ರಸ್ತೆ ಎರಡೂ ಗೊತ್ತಾಗುತ್ತವೆ. ಬಸ್ಸಿಳಿದು ನಡೆಯುವ ದಾರಿಯಲ್ಲಿ ವೈನ್ ಶಾಪ್ ಇದ್ದರೆ ಒಂದು ನಿಲ್ದಾಣ ಮೊದಲೇ ಇಳಿಯಿರಿ. ಫೋನಿನಲ್ಲಿ ಹಣ ಕಳಿಸುವ ಖಾತೆಯಲ್ಲಿ ಕೈಖರ್ಚಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ, ಸಂಬಳ ಬೇರೆ ಖಾತೆಗೆ ಹೋಗಲಿ. ನಿಮ್ಮ ಕಡೆ ಹೊಸತೊಡಕು ಮತ್ತು ಬೀಗರೂಟ ಎರಡೂ ಕಠಿಣ ದಿನಗಳು. ಮೊದಲ ವರ್ಷ ಅವುಗಳಿಗೆ ಹೋಗಲೇಬೇಡಿ. ನೆಂಟರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ಔಷಧಿಯ ಬಗ್ಗೆಯೂ ವೈದ್ಯರನ್ನು ಕೇಳಿ. ನಾಲ್ಟ್ರೆಕ್ಸೋನ್ ಮತ್ತು ಅಕಾಂಪ್ರೋಸೇಟ್ ಎಂಬ ಮಾತ್ರೆಗಳು ಕುಡಿತದ ಸೆಳೆತವನ್ನು ತಗ್ಗಿಸಲು, ಮತ್ತೆ ಜಾರದಂತೆ ತಡೆಯಲು ನೆರವಾಗುತ್ತವೆ. ಯಕೃತ್ತು ಮತ್ತು ಮೂತ್ರಪಿಂಡದ ಪರೀಕ್ಷೆ ಮಾಡಿಸಿ, ಯಾವುದು ಸೂಕ್ತ ಎಂದು ಅವರು ನಿರ್ಧರಿಸುತ್ತಾರೆ. ಮಾತ್ರೆ ತಿಂದು ಕುಡಿತ ಬಿಡುವುದು ಸೋಲು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರಿಗೆ ಯಾರೂ ಹಾಗೆ ಹೇಳುವುದಿಲ್ಲ.

ಒಂದು ವೇಳೆ ಜಾರಿದರೆ? ಈ ಪ್ರಶ್ನೆಯನ್ನು ಅಲನ್ ಮಾರ್ಲಟ್ ಎಂಬ ಮನಶ್ಶಾಸ್ತ್ರಜ್ಞ ಆಳವಾಗಿ ಅಭ್ಯಾಸ ಮಾಡಿದ್ದರು. ಮೊದಲ ಪೆಗ್ಗಿಗಿಂತ ‘ಹೇಗೂ ಕೆಟ್ಟುಹೋಯಿತು’ ಎಂಬ ಯೋಚನೆಯೇ ಮನುಷ್ಯನನ್ನು ಪೂರ್ತಿ ಬಾಟಲಿಗೆ ಕೊಂಡೊಯ್ಯುತ್ತದೆ ಎಂದು ಅವರು ಕಂಡುಕೊಂಡರು. ಪ್ರಮಾಣ ಮಾಡಿದವರಲ್ಲಿ ಇದು ಇನ್ನೂ ತೀವ್ರ. ಆಣೆ ಮುರಿದೆ ಎಂಬ ಭಯಕ್ಕೆ, ನಾಚಿಕೆಗೆ, ಹೊರರೋಗಿ ವಿಭಾಗದ ಬಾಗಿಲಿಗೇ ಬರದೆ ಉಳಿದವರನ್ನು ಹುಡುಕಿಕೊಂಡು ನಾನು ಹಳ್ಳಿಗಳಿಗೆ ಹೋಗಿದ್ದೇನೆ. ನೀವು ಆಣೆ ಮಾಡಿಲ್ಲ, ಮಾಡುವ ಅಗತ್ಯವೂ ಇಲ್ಲ. ಜಾರಿದ ಮರುದಿನ ಬೆಳಿಗ್ಗೆಯೇ ವೈದ್ಯರ ಮುಂದೆ ಕುಳಿತು, ಎಲ್ಲಿ, ಯಾವಾಗ, ಎಷ್ಟು ಎಂದು ಹೇಳಿ. ಅವರು ಅದಕ್ಕಾಗಿಯೇ ಇದ್ದಾರೆ.

ಪತ್ನಿಯ ಮಾತಿಗೆ ಬರೋಣ. ನಂಬದಿರುವುದು ಅಹಂಕಾರವಲ್ಲ. ಆದರೆ ನಿಮ್ಮ ಮನೆಯಲ್ಲಿ ಕುಡಿತದ ಮಾತು ಬಂದಾಗಲೆಲ್ಲ ದೇವರಿದ್ದಾನೋ ಇಲ್ಲವೋ ಎಂಬ ಜಗಳವಾಗಿ ತಿರುಗುತ್ತಿದ್ದರೆ, ಅದನ್ನು ಇಂದೇ ನಿಲ್ಲಿಸಿ. ಆಸ್ಪತ್ರೆಗೆ ಹೋಗುವ ದಿನ ಅವರನ್ನೂ ಕರೆದುಕೊಂಡು ಹೋಗಿ. ನಡುಕ, ನಿದ್ರೆ, ಮಾತ್ರೆ ಇವೆಲ್ಲ ದೇಹದ ವಿಷಯ ಎಂದು ವೈದ್ಯರ ಬಾಯಿಂದಲೇ ಅವರು ಕೇಳಲಿ. ಹೋಗುವ ಧೈರ್ಯ ಸಾಲದಿದ್ದರೆ ಮೊದಲು ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅವಲಂಬಿತರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ನೀವು ಆ ಒಬ್ಬರಾಗಬೇಕೆಂಬುದು ನನ್ನ ಆಸೆ.

ಪ್ರಶ್ನೆ: ಅಕ್ಕಾ, ನನ್ನ ಯಜಮಾನರು ವಿಪರೀತ ಕುಡಿಯುತ್ತಾರೆ, ದೇವರನ್ನೂ ನಂಬುವುದಿಲ್ಲ. ನಾನೇ ಅವರ ಪರವಾಗಿ ಹರಕೆ ಹೊತ್ತಿದ್ದೇನೆ. ಅವರಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ ಕೊಟ್ಟರೆ ಕುಡಿತ ಬಿಡುತ್ತಾರೆ ಎಂದು ಒಬ್ಬರು ಪುಡಿ ಕೊಟ್ಟಿದ್ದಾರೆ. ಹಾಕಬಹುದೇ? (ರಾಣೆಬೆನ್ನೂರಿನ ಗೃಹಿಣಿ)

ಉತ್ತರ: ಬೇಡ ತಂಗಿ, ಖಂಡಿತ ಬೇಡ. ಗುಟ್ಟಾಗಿ ಹಾಕುವ ಪುಡಿಯಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ಹೀಗೆ ಕದ್ದು ಕೊಡುವವರಿದ್ದಾರೆ. ಅದು ದೇಹದಲ್ಲಿರುವಾಗ ಮದ್ಯ ಸೇವಿಸಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಬಡಿದುಕೊಂಡು ರಕ್ತದೊತ್ತಡ ಕುಸಿಯುತ್ತದೆ. ಹೃದಯದ ತೊಂದರೆ ಇದ್ದವರು ಸಾಯಬಹುದು. ಎಲ್ಲ ತಿಳಿದು, ಒಪ್ಪಿ, ವೈದ್ಯರ ಕಣ್ಗಾವಲಿನಲ್ಲಿ ತೆಗೆದುಕೊಳ್ಳುವವರಿಗೆ ಮಾತ್ರ ಆ ಮಾತ್ರೆ.

ಹರಕೆ ನಿಮ್ಮದು, ತೀರಿಸಿಕೊಳ್ಳಿ. ಅದರಿಂದ ನಿಮಗೆ ಬರುವ ಬಲವನ್ನು ನಾನು ಬಲ್ಲೆ. ಆದರೆ ಅವರು ನಿಮ್ಮ ಹಾಗೆ ನಂಬಲಿ ಎಂದು ಕಾಯಬೇಡಿ. ಅಮೆರಿಕದ ರಾಬರ್ಟ್ ಮೇಯರ್ಸ್ ಕುಟುಂಬದವರಿಗಾಗಿಯೇ ಒಂದು ತರಬೇತಿಯ ಕ್ರಮವನ್ನು ರೂಪಿಸಿದ್ದಾರೆ, ಅದರ ಸಾರ ಇಷ್ಟು. ಯಜಮಾನರು ಕುಡಿದಿರುವಾಗ ವಾದಕ್ಕಿಳಿಯಬೇಡಿ, ಬೆಳಿಗ್ಗೆ ಸಮಾಧಾನವಾಗಿದ್ದಾಗ ನಾಲ್ಕೇ ಮಾತು ಆಡಿ. ಕುಡಿಯದೆ ಬಂದ ಸಂಜೆ ಜೊತೆಯಲ್ಲಿ ಕುಳಿತು ಊಟ ಮಾಡಿ, ಇಷ್ಟವಾಯಿತು ಎಂದು ಬಾಯಿಬಿಟ್ಟು ಹೇಳಿ. ಕುಡಿದು ಬಂದ ದಿನ ಆ ಜೊತೆ ಇಲ್ಲ. ಕೆಲಸಕ್ಕೆ ಹೋಗದಿದ್ದಾಗ ‘ಜ್ವರ’ ಎಂದು ನೀವು ಫೋನ್ ಮಾಡಿ ಸುಳ್ಳು ಹೇಳಬೇಡಿ. ಅವರೇ ಬೇಸತ್ತು ‘ಸಾಕಾಗಿದೆ’ ಎಂದ ಬೆಳಿಗ್ಗೆ, ಮೊದಲೇ ವಿಚಾರಿಸಿಟ್ಟ ಆಸ್ಪತ್ರೆಗೆ ಅಂದೇ ಕರೆದೊಯ್ಯಿರಿ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ನಿಮಗೆ ಹತ್ತಿರವೇ ಇದೆ. ಯಜಮಾನರು ಕೈ ಮಾಡಿದರೆ ಇದಾವುದಕ್ಕೂ ಕಾಯದೆ ತುರ್ತು ಸಂಖ್ಯೆ 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಪ್ರಶ್ನೆ: ನನ್ನ ತಮ್ಮನನ್ನು ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದ್ದೆವು. ತಲೆ ಬೋಳಿಸಿ, ಮೂರು ಹೊತ್ತೂ ಪ್ರಾರ್ಥನೆಗೆ ನಿಲ್ಲಿಸಿ, ನಿಲ್ಲದಿದ್ದರೆ ಊಟ ತಪ್ಪಿಸುತ್ತಿದ್ದರಂತೆ. ಫೋನ್ ಮಾಡಲೂ ಬಿಡಲಿಲ್ಲ. ಹೀಗೆ ಮಾಡಬಹುದೇ?

ಉತ್ತರ: ಮಾಡುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯ ಮತ್ತು ಮಾದಕ ವಸ್ತುಗಳ ವ್ಯಸನದಿಂದಾಗುವ ಮಾನಸಿಕ ಸ್ಥಿತಿಗಳೂ ಸೇರಿವೆ. ಬಲವಂತವಾಗಿ ತಲೆ ಬೋಳಿಸುವುದನ್ನು ಅದು ಹೆಸರಿಟ್ಟು ನಿಷೇಧಿಸಿದೆ, 20ನೆಯ ಕಲಮು ನೋಡಿ. 21ನೆಯ ಕಲಮಿನ ಪ್ರಕಾರ ಧರ್ಮ, ಜಾತಿ, ಸಾಮಾಜಿಕ ಅಥವಾ ರಾಜಕೀಯ ನಂಬಿಕೆಯ ಆಧಾರದಲ್ಲಿ ತಾರತಮ್ಯ ಮಾಡುವಂತಿಲ್ಲ. ಪ್ರಾರ್ಥಿಸದವನಿಗೆ ಊಟ ತಪ್ಪಿಸುವುದು ತಾರತಮ್ಯವೂ ಹೌದು, ಕ್ರೌರ್ಯವೂ ಹೌದು. ಫೋನಿನಲ್ಲಿ ಮಾತನಾಡುವ ಹಕ್ಕೂ ರೋಗಿಗೆ ಇದೆ. ಒಪ್ಪಿಗೆಯಿಲ್ಲದೆ ದಾಖಲಿಸಿಕೊಳ್ಳಬೇಕಾದರೆ ಒಬ್ಬ ಮನೋವೈದ್ಯರೂ ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರೂ ಬೇರೆ ಬೇರೆಯಾಗಿ ಪರೀಕ್ಷಿಸಿರಬೇಕು, ಅದೂ ಮೊದಲ ಸಲಕ್ಕೆ 30 ದಿನಗಳ ಮಿತಿಯಲ್ಲಿ.

ತಮ್ಮ ಹೇಳಿದ್ದನ್ನೆಲ್ಲ ದಿನಾಂಕ ಸಹಿತ ಬರೆಸಿಡಿ. ಕೇಂದ್ರ ಕೊಟ್ಟ ರಸೀದಿಗಳನ್ನು ಎಸೆಯಬೇಡಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಆ ಕೇಂದ್ರ ನೋಂದಣಿಯಾಗಿದೆಯೇ ಎಂದು ವಿಚಾರಿಸಿ. ದೂರನ್ನು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಕೊಡಬಹುದು. ಉಚಿತ ವಕೀಲರ ನೆರವು ಬೇಕಿದ್ದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ. ತಮ್ಮ ಈಗ ಚಿಕಿತ್ಸೆ ಎಂದರೆ ಬೆಚ್ಚಿಬೀಳುತ್ತಿರಬಹುದು. ಹಾಗಿದ್ದರೆ ದಾಖಲಾಗುವ ಮಾತೇ ಎತ್ತದೆ, ಹೊರರೋಗಿಯಾಗಿ ವಾರಕ್ಕೊಮ್ಮೆ ಹೋಗಿ ಬರುವ ಸರ್ಕಾರಿ ಆಸ್ಪತ್ರೆಯನ್ನು ಅವನೇ ಆರಿಸಿಕೊಳ್ಳಲಿ. ಮೊದಲ ದಿನ ನೀವು ಜೊತೆಗೆ ಹೋಗಿ, ಅವನು ಒಪ್ಪಿದರೆ ಮಾತ್ರ ಒಳಗೆ ಕುಳಿತುಕೊಳ್ಳಿ.